ಹೋತದ ಡಾಕ್ಟರ್, ರೇಡಿಯೋ ಮತ್ತು ಗಂಡಸ್ತನದ ಅಂಗಡಿ

ಈ ಸಂಚಿಕೆಯನ್ನ ದಯವಿಟ್ಟು ಇಯರ್‌ಫೋನ್ ಹಾಕ್ಕೊಂಡು ಕೇಳಿ. ಮನೆಯಲ್ಲಿ ಸ್ಪೀಕರ್‌ಗೆ ಹಾಕಿ, ಆಮೇಲೆ ಅಜ್ಜಿ ಏನಾದ್ರೂ ಕೇಳಿದ್ರೆ ನಾನು ಜವಾಬ್ದಾರನಲ್ಲ. ಕಥೆ ಶುರುವಾಗೋದೇ ಗಂಡಸರ ವೃಷಣದಿಂದ. ಹೋಗಿ ಮುಟ್ಟೋದು ಅಮೆರಿಕದ ಅಧ್ಯಕ್ಷರ ಚುನಾವಣೆಗೆ.

ಮೊದಲು ಒಂದು ಮೆಸೇಜ್ ವಿಷಯ ಹೇಳಬೇಕು. ಕೆಲವು ವಾರದ ಹಿಂದೆ, ಸಿಗಾರ್ ಸೇದ್ತಾ, ಬಾಡಿಗೆ ಕಾರಿನ ಮುಂದೆ ನಿಂತು 'ನಿಜವಾದ ಗಂಡಸಾಗೋದು ಹೇಗೆ' ಅಂತ ಪಾಠ ಮಾಡೋ ರೀಲ್ಸ್‌ಗಳನ್ನ ಇದೇ ಕಾರ್ಯಕ್ರಮದಲ್ಲಿ ನಾವು ಗೇಲಿ ಮಾಡಿದ್ವಿ. ಅದನ್ನ ಕೇಳಿದ ಒಬ್ಬ ಹುಡುಗ ಬರೆದ: "ಅಣ್ಣ, ನೀವು ನಗ್ತೀರಿ. ಡಿಗ್ರಿ ಮುಗಿಸಿ ಎರಡು ವರ್ಷ ಕೆಲಸ ಇಲ್ಲದೆ ಕೂತಿದ್ದಾಗ ನನ್ನ ಹತ್ರ ಮಾತಾಡಿದ್ದು ಆ ಅಮೆರಿಕದವರ ವಿಡಿಯೋಗಳು ಮಾತ್ರ. ಬೇಗ ಏಳು, ಹಾಸಿಗೆ ಮಡಚು, ಜಿಮ್‌ಗೆ ಹೋಗು ಅಂದ್ರು. ಹೋದೆ. ಅದರಲ್ಲಿ ತಪ್ಪೇನು?"

ತಪ್ಪೇನೂ ಇಲ್ಲ ಅಂತ ರಿಪ್ಲೈ ಮಾಡಿದೆ. ಆದರೆ 'ಬೇಗ ಏಳು' ಅನ್ನೋದರಿಂದ ಶುರುವಾಗಿ ಆ ವಿಡಿಯೋಗಳು ಎಲ್ಲಿಗೆ ಕರ್ಕೊಂಡು ಹೋಗ್ತವೆ, ಆ ದಾರಿ ಹಾಕಿದ್ದು ಯಾರು, ಅದು ಇಂಟರ್‌ನೆಟ್‌ಗಿಂತ ಎಷ್ಟು ಹಳೇದು ಅನ್ನೋದನ್ನ ಎರಡು ಸಾಲಿನಲ್ಲಿ ಹೇಳೋಕಾಗಲಿಲ್ಲ. ಅದಕ್ಕೇ ಈ ಸಂಚಿಕೆ.

2022ರ ಏಪ್ರಿಲ್. ಫಾಕ್ಸ್ ನ್ಯೂಸ್‌ನ ಆಗಿನ ಸ್ಟಾರ್ ನಿರೂಪಕ ಟಕರ್ ಕಾರ್ಲ್‌ಸನ್ ಒಂದು ಸಾಕ್ಷ್ಯಚಿತ್ರದ ಟ್ರೇಲರ್ ಬಿಟ್ಟರು. ಹೆಸರು 'ದಿ ಎಂಡ್ ಆಫ್ ಮೆನ್', ಅಂದ್ರೆ ಗಂಡಸರ ಅಂತ್ಯ. ಅದರಲ್ಲಿ ಮರ ಕಡಿಯೋರಿದ್ದಾರೆ, ದೊಡ್ಡ ದೊಡ್ಡ ಟೈರ್ ಉರುಳಿಸೋರಿದ್ದಾರೆ, ಕುಸ್ತಿ ಆಡೋರಿದ್ದಾರೆ. ಒಂದು ದೃಶ್ಯದಲ್ಲಿ ಒಬ್ಬ ಬಂಡೆಯ ಮೇಲೆ ಬೆತ್ತಲೆ ನಿಂತಿದ್ದಾನೆ. ಎದುರಿಗೆ ಒಂದು ಯಂತ್ರ. ಅದರಿಂದ ಹೊರಡೋ ಕೆಂಪು ಬೆಳಕು ನೇರ ಅವನ ತೊಡೆಸಂದಿಗೆ. ಹೀಗೆ ಬೆಳಕು ಹಿಡಿದ್ರೆ ಟೆಸ್ಟೋಸ್ಟೆರೋನ್ ಹೆಚ್ಚುತ್ತೆ ಅನ್ನೋದು ವಾದ. ಅಮೆರಿಕದ ಗಂಡಸರಲ್ಲಿ ಆ ಹಾರ್ಮೋನ್ ಇಳೀತಿದೆ ಅಂತ ಹೇಳೋ ಸಂಶೋಧನೆಗಳು ಇರೋದು ನಿಜ. ಬೆಳಕು ಹಿಡಿದ್ರೆ ಏರುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ.

ಅಮೆರಿಕ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಆಮೇಲೆ ಕ್ಯಾನ್ಸಸ್ ರಾಜ್ಯದ ಒಬ್ಬ ಡಾಕ್ಟರ್ ಕಥೆ ಓದಿದೆ. ಅಲ್ಲಿಗೆ ನಗು ನಿಂತಿತು.

ಆತನ ಹೆಸರು ಜಾನ್ ಬ್ರಿಂಕ್ಲಿ. 1917ರಲ್ಲಿ ಮಿಲ್ಫರ್ಡ್ ಅನ್ನೋ ಪುಟ್ಟ ಊರಿಗೆ ಬಂದ. ಸುತ್ತ ಗೋಧಿ ಹೊಲ, ಊರಲ್ಲಿ ಒಂದಿನ್ನೂರು ಜನ. ಡಾಕ್ಟರ್ ಅಂತ ಬೋರ್ಡ್ ಹಾಕ್ಕೊಂಡಿದ್ದ, ಆದರೆ ಡಿಗ್ರಿ ಮಾತ್ರ ದುಡ್ಡು ಕೊಟ್ರೆ ಸರ್ಟಿಫಿಕೇಟ್ ಬರೆದುಕೊಡೋ ಒಂದು ಕಾಲೇಜಿಂದು. ಒಂದು ದಿನ ಒಬ್ಬ ರೈತ ಬಂದು, ನಾಚಿಕೊಂಡು, ತನಗೆ ಗಂಡಸುತನದ ತೊಂದರೆ ಇದೆ ಅಂದ. ಬ್ರಿಂಕ್ಲಿ ತಮಾಷೆಗೆ, ನಿನಗೆ ಹೋತದ ಬೀಜ ಇದ್ದಿದ್ರೆ ಈ ತೊಂದರೆ ಇರ್ತಿರಲಿಲ್ಲ ಅಂದನಂತೆ. ರೈತ ನಗಲಿಲ್ಲ. 'ಹಾಗಾದ್ರೆ ಹಾಕಿ' ಅಂದ.

ಹಾಕಿಯೇಬಿಟ್ಟ. ಗಂಡಾಡಿನ ವೃಷಣದ ತುಂಡನ್ನ ಮನುಷ್ಯನ ವೃಷಣದ ಚೀಲದೊಳಗೆ ಇಟ್ಟು ಹೊಲಿಯೋದು, ಇಷ್ಟೇ ಆಪರೇಷನ್. ಅದು ಒಳಗೆ ಬದುಕಲ್ಲ, ಕೆಲಸ ಮಾಡಲ್ಲ. ದೇಹ ಅದನ್ನ ಕರಗಿಸಿದ್ರೆ ರೋಗಿಯ ಪುಣ್ಯ, ಕೀವು ತುಂಬಿದ್ರೆ ಹೆಣ. ಫೀಸು 750 ಡಾಲರ್. ಆ ಕಾಲದ ರೈತನಿಗೆ ಅದು ಚಿಕ್ಕ ಮೊತ್ತವೇನಲ್ಲ. ಆಸ್ಪತ್ರೆ ಹಿಂದೆ ದೊಡ್ಡಿ ಇತ್ತು. ರೋಗಿಗಳು ಹೋಗಿ ತಮ್ಮ ಹೋತವನ್ನ ತಾವೇ ಆರಿಸಬಹುದಿತ್ತು, ನಾವು ಹಬ್ಬಕ್ಕೆ ಕುರಿ ಆರಿಸೋ ಹಾಗೆ.

ಇಷ್ಟೇ ಆಗಿದ್ರೆ ಬ್ರಿಂಕ್ಲಿ ಒಬ್ಬ ಹಳ್ಳಿಯ ನಕಲಿ ಡಾಕ್ಟರ್ ಆಗಿ ಮರೆತುಹೋಗ್ತಿದ್ದ. ಅವನನ್ನ ಬೇರೆಯವನನ್ನಾಗಿ ಮಾಡಿದ್ದು ಒಂದು ಯಂತ್ರ. 1922ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯ ಮಾಲೀಕ ಅವನನ್ನ ಕ್ಯಾಲಿಫೋರ್ನಿಯಾಕ್ಕೆ ಕರೆಸಿದ. ಆತ ಆಗ ತಾನೇ ಒಂದು ರೇಡಿಯೋ ಸ್ಟೇಷನ್ ಕಟ್ಟುತ್ತಿದ್ದ. ಬ್ರಿಂಕ್ಲಿ ಅದನ್ನ ನೋಡಿದ. ವಾಪಸ್ ಬಂದು 1923ರಲ್ಲಿ ಮಿಲ್ಫರ್ಡ್‌ನಲ್ಲೇ ತನ್ನ ಸ್ವಂತ ಸ್ಟೇಷನ್ ಹಾಕಿದ. ಹೆಸರು ಕೆಎಫ್‌ಕೆಬಿ.

ಈ ಸ್ಟೇಷನ್‌ನ ಒಂದು ದಿನ ಹೇಗಿರ್ತಿತ್ತು ನೋಡಿ. ಪಿಟೀಲು, ಹಳ್ಳಿ ಹಾಡು, ಹವಾಮಾನ, ದವಸಧಾನ್ಯದ ರೇಟು, ಒಂದಷ್ಟು ಧರ್ಮಬೋಧನೆ. ಮಧ್ಯೆ ಡಾಕ್ಟರ್ ಸಾಹೇಬರ ಮಾತು. ಕಿರುಚಾಟ ಇಲ್ಲ. ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಮೆತ್ತಗಿನ, ಆಪ್ತ ದನಿ. ಬೀಜ ಒಡೆದ ಕುದುರೆಗೂ ಗಂಡುಗುದುರೆಗೂ ಇರೋ ವ್ಯತ್ಯಾಸ ನಿಮಗೆ ಗೊತ್ತಲ್ವಾ ಅಂತ ರೈತರಿಗೆ ನೆನಪಿಸ್ತಿದ್ದ. ಅಷ್ಟು ಸಾಕಿತ್ತು. ಇನ್ನೊಂದು ಕಾರ್ಯಕ್ರಮದಲ್ಲಿ ಕೇಳುಗರ ಕಾಗದ ಓದಿ, ರೋಗಿಯ ಮುಖವನ್ನೂ ನೋಡದೆ ಔಷಧ ಹೇಳ್ತಿದ್ದ. ಔಷಧಿಗೆ ಹೆಸರಿಲ್ಲ, ನಂಬರ್ ಮಾತ್ರ. ಇಂಥ ನಂಬರಿನ ಬಾಟಲಿ ಇಂಥ ಅಂಗಡಿಯಲ್ಲಿ ತಗೊಳ್ಳಿ. ಪ್ರತಿ ಮಾರಾಟದಲ್ಲಿ ಅವನಿಗೂ ಪಾಲು. ಇವತ್ತು ಯೂಟ್ಯೂಬರ್‌ಗಳು 'ನನ್ನ ಕೋಡ್ ಹಾಕಿದ್ರೆ ಹತ್ತು ಪರ್ಸೆಂಟ್ ಆಫ್' ಅಂತಾರಲ್ಲ, ಅದರ ಮುತ್ತಾತ ಇದು.

ಸರಿ, ಗಂಡಸರು ಯಾಕೆ ಬಂದ್ರು? ದಡ್ಡರಾ?

ಅಲ್ಲ. ಮೊದಲ ಮಹಾಯುದ್ಧದ ಸಮಯದಲ್ಲಿ ಗೋಧಿಗೆ ಒಳ್ಳೇ ಬೆಲೆ ಇತ್ತು. ರೈತರು ಸಾಲ ಮಾಡಿ ಜಮೀನು ತಗೊಂಡಿದ್ರು. ಯುದ್ಧ ಮುಗಿದ ಎರಡು ಮೂರು ವರ್ಷದಲ್ಲಿ ಬೆಲೆ ಸುಮಾರು ಅರ್ಧಕ್ಕೆ ಬಿತ್ತು. ಸಾಲ ಮಾತ್ರ ಹಾಗೇ ಉಳೀತು. ಆ ಮನುಷ್ಯನಿಗೆ ಸಮಾಜ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದು ಒಂದೇ: ಸಂಸಾರ ಸಾಕೋನು ಗಂಡಸು. ಈಗ ಸಾಕೋಕಾಗ್ತಿಲ್ಲ. ಅದನ್ನ ಯಾರ ಹತ್ರ ಹೇಳ್ತಾನೆ? ಹೆಂಡತಿ ಹತ್ರ? ಚರ್ಚಿನ ಪಾದ್ರಿ ಹತ್ರ? ರಾತ್ರಿ ರೇಡಿಯೋದಲ್ಲಿ ಒಬ್ಬ ಡಾಕ್ಟರ್, ನಿನ್ನ ತೊಂದರೆ ನನಗೆ ಗೊತ್ತು, ನಾಚಿಕೊಳ್ಳಬೇಡ, ಬಾ ಅಂತಾನೆ. ಅವನ ಹೋತ ನಕಲಿ ಚಿಕಿತ್ಸೆ. ಆ 'ಬಾ' ಅನ್ನೋದು ಮಾತ್ರ ಕೇಳಿದವನಿಗೆ ನಿಜವೇ ಆಗಿತ್ತು.

ಗಂಡಸು ಅಂದ್ರೆ ಹೀಗಿರಬೇಕು ಅನ್ನೋ ಅಳತೆಗೋಲು ಆಗಲೇ ಸಿದ್ಧವಾಗಿತ್ತು. ಅದನ್ನ ನೆಟ್ಟವರಲ್ಲಿ ದೊಡ್ಡ ಹೆಸರು ಥಿಯೋಡರ್ ರೂಸ್‌ವೆಲ್ಟ್. ಶ್ರೀಮಂತರ ಮನೆಯ, ಆಸ್ತಮಾ ಇದ್ದ ಹುಡುಗ. ನ್ಯೂಯಾರ್ಕ್ ಶಾಸನಸಭೆಗೆ ಹೋದಾಗ ಅವರ ಕೀಚಲು ದನಿ, ಶೋಕಿ ಬಟ್ಟೆ ನೋಡಿ ಉಳಿದವರು ಆಸ್ಕರ್ ವೈಲ್ಡ್‌ಗೆ ಹೋಲಿಸಿ ಆಡಿಕೊಂಡ್ರು. 1884ರಲ್ಲಿ ಒಂದೇ ದಿನ ತಾಯಿ, ಹೆಂಡತಿ ಇಬ್ಬರೂ ತೀರಿಕೊಂಡ ಮೇಲೆ ಅವರು ಡಕೋಟಾ ಬಯಲಿಗೆ ಹೋಗಿ ದನ ಸಾಕಿದ್ರು. ಅದು ನಿಜವಾದ ದುಃಖ, ನಿಜವಾದ ಶ್ರಮ. ಆದರೆ ಜಿಂಕೆ ಚರ್ಮದ ಅಂಗಿ, ಕೈಯಲ್ಲಿ ಬಂದೂಕು, ಸೊಂಟದಲ್ಲಿ ಚಾಕು ಇರೋ ಅವರ ಪ್ರಸಿದ್ಧ ಫೋಟೋ ಇದೆಯಲ್ಲ, 1885ರದ್ದು, ಅದನ್ನ ತೆಗೆದದ್ದು ಬಯಲಿನಲ್ಲಲ್ಲ. ನ್ಯೂಯಾರ್ಕಿನ ಒಂದು ಸ್ಟುಡಿಯೋದಲ್ಲಿ. ಆ ಚಾಕು ಒಡವೆ ಮಾರೋ ಟಿಫನಿ ಕಂಪನಿಯದ್ದು. 1899ರಲ್ಲಿ ಶಿಕಾಗೋದಲ್ಲಿ ನಿಂತು, ಆರಾಮದ ಬದುಕು ಬೇಡ, ಶ್ರಮದ ಬದುಕು ಬೇಕು ಅಂತ ಭಾಷಣ ಮಾಡಿದ್ರು. ಅದು ಬರೀ ಜಿಮ್ ಉಪದೇಶ ಅಲ್ಲ. ಫಿಲಿಪೀನ್ಸನ್ನ ಅಮೆರಿಕ ಕೈಬಿಡಬಾರದು ಅನ್ನೋ ವಾದವೂ ಅದೇ ಭಾಷಣದಲ್ಲಿತ್ತು. ಗಟ್ಟಿ ಮೈಯಿಂದ ಗಟ್ಟಿ ಸಾಮ್ರಾಜ್ಯಕ್ಕೆ ಒಂದೇ ನೆಗೆತ.

ಅದೇ 1899ರಲ್ಲಿ ಬರ್ನಾರ್ ಮ್ಯಾಕ್‌ಫ್ಯಾಡನ್ ಅನ್ನೋರು 'ಫಿಸಿಕಲ್ ಕಲ್ಚರ್' ಅನ್ನೋ ಪತ್ರಿಕೆ ಶುರು ಮಾಡಿದ್ರು. ದುರ್ಬಲನಾಗಿರೋದು ಅಪರಾಧ ಅನ್ನೋದು ಅದರ ಘೋಷಣೆ. ಯೋಚನೆ ಮಾಡಿ: ದುರ್ಬಲ ಅಂದ್ರೆ ದುರದೃಷ್ಟ ಅಲ್ಲ, ರೋಗ ಅಲ್ಲ, ಅಪರಾಧ. ಪತ್ರಿಕೆ ಓಡಿತು, ಆತ ಕೋಟ್ಯಧಿಪತಿಯಾದ್ರು. ಮುಸೊಲಿನಿಯನ್ನ ಭೇಟಿಯಾಗಿ ಮೆಚ್ಚಿಕೊಂಡು, 1931ರಲ್ಲಿ ಇಟಲಿಯ 40 ಕೆಡೆಟ್‌ಗಳನ್ನ ಅಮೆರಿಕಕ್ಕೆ ಕರೆಸಿ ತರಬೇತಿ ಕೊಟ್ಟರು. 1936ರಲ್ಲಿ ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಅಭ್ಯರ್ಥಿಯಾಗೋಕೆ ಹೊರಟು ಕೈ ಸುಟ್ಟುಕೊಂಡ್ರು.

ಮ್ಯಾಕ್‌ಫ್ಯಾಡನ್ ನಡೆಸಿದ ಸ್ಪರ್ಧೆಯಲ್ಲೇ ಗೆದ್ದವರು ಚಾರ್ಲ್ಸ್ ಅಟ್ಲಾಸ್. ಇಟಲಿಯಿಂದ ವಲಸೆ ಬಂದ ಹುಡುಗ, ಹುಟ್ಟುಹೆಸರು ಆಂಜೆಲೊ ಸಿಸಿಲಿಯಾನೊ. ಅವರ ಜಾಹೀರಾತು ದಶಕಗಟ್ಟಲೆ ಕಾಮಿಕ್ಸ್ ಪುಸ್ತಕಗಳ ಹಿಂದೆ ಬಂತು. 97 ಪೌಂಡಿನ, ಅಂದ್ರೆ 44 ಕೆಜಿಯ ಒಬ್ಬ ಪೀಚಲು ಹುಡುಗ, ಪಕ್ಕದಲ್ಲಿ ಹುಡುಗಿ, ಸಮುದ್ರದ ದಂಡೆ. ಒಬ್ಬ ದಾಂಡಿಗ ಬಂದು ಮುಖಕ್ಕೆ ಮರಳು ಎರಚ್ತಾನೆ. ಹುಡುಗ ಮನೆಗೆ ಹೋಗಿ ಕೂಪನ್ ತುಂಬಿ ಕಳಿಸ್ತಾನೆ. ಮೈ ಬರುತ್ತೆ. ಮತ್ತೆ ದಂಡೆಗೆ ಹೋಗಿ ಒಂದು ಗುದ್ದು. ಹುಡುಗಿ ವಾಪಸ್. ಇನ್ನೊಬ್ಬ ಗಂಡಸಿನ ಎದುರು, ಹುಡುಗಿಯ ಕಣ್ಣಮುಂದೆ ಆಗೋ ಅವಮಾನವನ್ನ ಏಳೆಂಟು ಚೌಕದಲ್ಲಿ ತೋರಿಸಿ ಅದರ ಕೆಳಗೆ ಅಡ್ರೆಸ್ ಬರೆಯೋದು. ಇವತ್ತಿನ ರೀಲ್ಸ್ ಇದಕ್ಕಿಂತ ಹೊಸದೇನನ್ನೂ ಕಂಡುಹಿಡಿದಿಲ್ಲ.

ಇಲ್ಲೊಂದು ಮಾತು ನಮ್ಮೂರಿಂದ. ಈ ಅಂಚೆ ವ್ಯಾಯಾಮದ ಅಲೆ ಬೆಂಗಳೂರಿಗೂ ಬಂದಿತ್ತು. 'ಶಾಂತಲಾ' ಕಾದಂಬರಿ ಬರೆದ ಕೆ.ವಿ. ಅಯ್ಯರ್ ಗೊತ್ತಲ್ಲ? ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸ್ತಿದ್ರು, ಅಂಚೆಯಲ್ಲಿ ಪಾಠ ಕಳಿಸ್ತಿದ್ರು, 1930ರಲ್ಲಿ ಇಂಗ್ಲಿಷಿನಲ್ಲಿ 'ಮಸಲ್ ಕಲ್ಟ್' ಅನ್ನೋ ಪುಸ್ತಕ ಬರೆದ್ರು. ಬಾರ್‌ಬೆಲ್ ಪಕ್ಕದಲ್ಲೇ ಆಸನ, ಸೂರ್ಯನಮಸ್ಕಾರ ಇಟ್ಟರು, ನಾಟಕ ಆಡಿಸಿದ್ರು, ಕಾದಂಬರಿ ಬರೆದ್ರು. ಹುಡುಗ್ರು ಮೈ ಬೆಳೆಸಿದ ತಕ್ಷಣ ಶತ್ರು ಹುಡುಕಲೇಬೇಕು ಅಂತೇನಿಲ್ಲ, ಅಷ್ಟನ್ನ ಹೇಳೋಕೆ ಇವರನ್ನ ನೆನಪಿಸಿಕೊಂಡೆ. ಮತ್ತೆ ಕ್ಯಾನ್ಸಸ್‌ಗೆ ಹೋಗೋಣ.

1930ರಲ್ಲಿ ರೇಡಿಯೋ ಪತ್ರಿಕೆಯೊಂದು ನಡೆಸಿದ ಮತದಾನದಲ್ಲಿ ಬ್ರಿಂಕ್ಲಿ ಸ್ಟೇಷನ್ ಇಡೀ ಅಮೆರಿಕದಲ್ಲೇ ಅತಿ ಜನಪ್ರಿಯ ಅಂತ ಗೆದ್ದಿತು. ಅದೇ ವರ್ಷ ಆತನ ಮೇಲೆ ಕೇಸು. ಹಿಂದೆ ಬಿದ್ದಿದ್ದವರು ಅಮೆರಿಕದ ವೈದ್ಯ ಸಂಘದ ಪತ್ರಿಕೆಯ ಸಂಪಾದಕ ಡಾ. ಮಾರಿಸ್ ಫಿಶ್‌ಬೈನ್. ಬ್ರಿಂಕ್ಲಿ ಸಹಿ ಮಾಡಿದ್ದ 40ಕ್ಕೂ ಹೆಚ್ಚು ಮರಣ ಪ್ರಮಾಣಪತ್ರಗಳು ವೈದ್ಯಕೀಯ ಮಂಡಳಿಯ ಎದುರು ಬಂದವು. ಆದರೆ ವಿಚಾರಣೆಯಲ್ಲಿ ಇನ್ನೊಂದು ನಡೀತು. ಆಪರೇಷನ್ ಮಾಡಿಸಿಕೊಂಡ ಗಂಡಸರು ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತು, ಈ ಡಾಕ್ಟರ್ ನಮ್ಮನ್ನ ಬದುಕಿಸಿದ ಅಂತ ಸಾಕ್ಷಿ ಹೇಳಿದ್ರು. ತಮ್ಮ ಗುಟ್ಟನ್ನ ತುಂಬಿದ ಸಭೆಯಲ್ಲಿ ಹೇಳಿಕೊಂಡ್ರು. ಹತ್ತು ವರ್ಷದ ಹಿಂದೆ ಹೆಂಡತಿ ಹತ್ರನೂ ಹೇಳೋಕಾಗದ ಗುಟ್ಟು.

ಲೈಸೆನ್ಸ್ ಹೋಯಿತು. ರೇಡಿಯೋ ಪರವಾನಗಿಯೂ ಹೋಗೋ ಸ್ಥಿತಿ. ಆಗ ಬ್ರಿಂಕ್ಲಿ ಏನು ಮಾಡಿದ? ಗವರ್ನರ್ ಚುನಾವಣೆಗೆ ನಿಂತ. ಮತಪತ್ರ ಆಗಲೇ ಅಚ್ಚಾಗಿತ್ತು, ಹೆಸರು ಸೇರಿಸೋಕೆ ಆಗಲಿಲ್ಲ. ಕೈಯಿಂದ ನನ್ನ ಹೆಸರು ಬರೀರಿ ಅಂತ ರೇಡಿಯೋದಲ್ಲಿ ಸ್ಪೆಲ್ಲಿಂಗ್ ಕಲಿಸಿದ. ವಿಮಾನದಲ್ಲಿ ಊರೂರು ಸುತ್ತಿದ. ಪ್ರತಿ ಜಿಲ್ಲೆಗೊಂದು ಕೆರೆ, ಮಕ್ಕಳಿಗೆ ಪುಕ್ಕಟೆ ಪಠ್ಯಪುಸ್ತಕ ಅಂತ ಭರವಸೆ ಕೊಟ್ಟ. ಮುಖ್ಯ ಭಾಷಣ ಮಾತ್ರ ಒಂದೇ: ದೊಡ್ಡ ದೊಡ್ಡ ಡಾಕ್ಟರ್‌ಗಳು, ಪತ್ರಿಕೆಯವರು, ಸರ್ಕಾರದವರು ಸೇರಿ ನನ್ನನ್ನ ಮುಗಿಸೋಕೆ ನೋಡ್ತಿದ್ದಾರೆ, ಯಾಕಂದ್ರೆ ನಾನು ನಿಮ್ಮವನು.

ಪತ್ರಿಕೆಗಳು ನಕ್ಕವು. ಎಣಿಕೆ ಆದಾಗ ಬ್ರಿಂಕ್ಲಿಗೆ ಸುಮಾರು 1,83,000 ಮತ. ಗೆದ್ದ ಹ್ಯಾರಿ ವುಡ್ರಿಂಗ್‌ಗೆ ಸುಮಾರು 2,17,000. 'ಜೆ. ಆರ್. ಬ್ರಿಂಕ್ಲಿ' ಅಂತ ನಿಖರವಾಗಿ ಬರೆದದ್ದನ್ನ ಮಾತ್ರ ಎಣಿಸಬೇಕು ಅಂತ ನಿಯಮ ಮಾಡಿದ್ದರಿಂದ ಇನ್ನೂ ಸಾವಿರಾರು ಮತ ಕಸದ ಬುಟ್ಟಿಗೆ ಹೋದವು. ಲೈಸೆನ್ಸ್ ಕಳಕೊಂಡ ನಕಲಿ ಡಾಕ್ಟರ್, ಮತಪತ್ರದಲ್ಲಿ ಹೆಸರೇ ಇಲ್ಲದೆ, ಗವರ್ನರ್ ಕುರ್ಚಿಯ ಅಂಚಿಗೆ ಬಂದಿದ್ದ.

ಆಮೇಲೆ ಬ್ರಿಂಕ್ಲಿ ಟೆಕ್ಸಸ್‌ನ ಡೆಲ್ ರಿಯೋಗೆ ಹೋದ. ನದಿಯ ಆಚೆ ಮೆಕ್ಸಿಕೋ, ಅಮೆರಿಕದ ಕಾನೂನು ಅಲ್ಲಿಗೆ ಮುಟ್ಟಲ್ಲ. ಅಲ್ಲಿ ಟವರ್ ಕಟ್ಟಿ, ದೇಶದ ಬಹುಭಾಗಕ್ಕೆ ಕೇಳಿಸೋ ಹಾಗೆ ಪ್ರಸಾರ ಮಾಡಿದ. ಅವನನ್ನ ತಡೆಯೋಕೆ ಅಮೆರಿಕ ಸಂಸತ್ತು 1934ರ ಸಂಪರ್ಕ ಕಾಯ್ದೆಯಲ್ಲಿ ಒಂದು ಕಲಮನ್ನೇ ಸೇರಿಸಬೇಕಾಯಿತು.

ಬ್ರಿಂಕ್ಲಿ ನಾಚಿಕೆಗೆ ಔಷಧ ಮಾರಿದ. ಅದೇ ದಶಕದಲ್ಲಿ ಮಿಷಿಗನ್‌ನ ಚಾರ್ಲ್ಸ್ ಕಾಫ್ಲಿನ್ ಅನ್ನೋ ಕ್ಯಾಥೊಲಿಕ್ ಪಾದ್ರಿ ರೇಡಿಯೋದಲ್ಲಿ ಇನ್ನೊಂದನ್ನ ಕೊಟ್ಟ: ಶತ್ರುವಿನ ಹೆಸರು. ಮಹಾಕುಸಿತದಲ್ಲಿ ಕೆಲಸ ಕಳಕೊಂಡವರಿಗೆ ಮೊದಲು ಬ್ಯಾಂಕಿನವರನ್ನ ತೋರಿಸಿದ. ಅದರಲ್ಲಿ ಸ್ವಲ್ಪ ಸತ್ಯವೂ ಇತ್ತು. 1938ರ ಹೊತ್ತಿಗೆ ಬೆರಳು ನೇರವಾಗಿ ಯಹೂದಿಗಳ ಕಡೆ ತಿರುಗಿತ್ತು. ಕೇಳುಗರು ಲಕ್ಷಗಟ್ಟಲೆ. ಇನ್ನು ಬೇಕಾಗಿದ್ದದ್ದು ಈ ಎರಡು ಅಂಗಡಿಯನ್ನ ಒಂದೇ ಸೂರಿನಡಿ ಇಡೋನು. ಅವನು ಬರೋಕೆ ಒಂದಷ್ಟು ದಶಕ ಬೇಕಾಯಿತು.

ಆ ದಶಕಗಳನ್ನ ಬೇಗ ದಾಟ್ತೀನಿ. ಎರಡನೇ ಮಹಾಯುದ್ಧದ ನಂತರ ಕಾರ್ಖಾನೆ ಕೆಲಸ, ಯೂನಿಯನ್, ಮನೆ ಸಾಲ ಎಲ್ಲ ಸಿಕ್ಕಿದ್ದರಿಂದ ಬಿಳಿಯ ಗಂಡಸರಿಗಾದರೂ ಆ ಹಳೇ ಅಳತೆಗೋಲು ಮುಟ್ಟೋಕೆ ಆಗ್ತಿತ್ತು. 1979ರಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಸುಮಾರು 1.95 ಕೋಟಿ ಜನ ಇದ್ರು. 2010ರ ಹೊತ್ತಿಗೆ 1.15 ಕೋಟಿ. ಮತ್ತೆ ಅದೇ ಕಥೆ: ಸಾಕೋನು ಗಂಡಸು, ಆದರೆ ಸಾಕೋಕೆ ಕೆಲಸ ಎಲ್ಲಿ?

1970ರ ದಶಕದಲ್ಲಿ ಬೇರೆ ಉತ್ತರವೂ ಇತ್ತು ಅನ್ನೋದನ್ನ ಮರೀಬಾರದು. ಗಂಡಸರ ವಿಮೋಚನೆ ಅಂತ ಸಣ್ಣ ಚಳವಳಿ, ಸ್ತ್ರೀವಾದದ ಜೊತೆ ಜೊತೆಗೇ ನಡೀತಿದ್ದದ್ದು. ಅದರ ಒಬ್ಬ ಮುಂದಾಳು ವಾರೆನ್ ಫ್ಯಾರೆಲ್, ನ್ಯೂಯಾರ್ಕಿನ ಮಹಿಳಾ ಸಂಘಟನೆಯ ಮಂಡಳಿಯಲ್ಲೇ ಇದ್ದವರು. 1993ರಲ್ಲಿ ಅದೇ ಮನುಷ್ಯ, ಗಂಡಸಿನ ಅಧಿಕಾರ ಅನ್ನೋದೇ ಒಂದು ಮಿಥ್ಯೆ ಅಂತ ಪುಸ್ತಕ ಬರೆದು ಎದುರು ಪಾಳಯಕ್ಕೆ ಗುರುವಾದ್ರು.

ಇತ್ತ ರೇಡಿಯೋದಲ್ಲಿ, ವಿವಾದದ ವಿಷಯಕ್ಕೆ ಎರಡೂ ಕಡೆ ಅವಕಾಶ ಕೊಡಬೇಕು ಅನ್ನೋ ನಿಯಮವನ್ನ ಸರ್ಕಾರ 1987ರಲ್ಲಿ ತೆಗೆದುಹಾಕಿತು. ಮರುವರ್ಷವೇ ರಶ್ ಲಿಂಬಾ ಅವರ ಕಾರ್ಯಕ್ರಮ ದೇಶವಿಡೀ ಶುರು. ಸ್ತ್ರೀವಾದಿಗಳನ್ನ ನಾಜಿಗಳಿಗೆ ಜೋಡಿಸಿದ ಬೈಗುಳವನ್ನ ಮನೆಮಾತು ಮಾಡಿದ್ದು ಅವರೇ. 1994ರಲ್ಲಿ ಗೆದ್ದ ಹೊಸ ರಿಪಬ್ಲಿಕನ್ ಸಂಸದರು ಅವರನ್ನ ತಮ್ಮ ತಂಡದ ಗೌರವ ಸದಸ್ಯ ಅಂತ ಕರೆದ್ರು. ರೇಡಿಯೋದವನು ಸ್ಪರ್ಧೆಗೆ ನಿಲ್ಲಬೇಕಾದ ಕಾಲ ಹೋಗಿತ್ತು, ಗೆದ್ದವರೇ ಅವನ ಬಾಗಿಲಿಗೆ ಬಂದಿದ್ರು.

ಇಂಟರ್‌ನೆಟ್ ಬಂತು. 2012ರಲ್ಲಿ ರೆಡ್ಡಿಟ್‌ನಲ್ಲಿ 'ರೆಡ್ ಪಿಲ್' ಅನ್ನೋ ಗುಂಪು ಹುಟ್ಟಿತು. ಹೆಣ್ಣುಮಕ್ಕಳನ್ನ ಬುಟ್ಟಿಗೆ ಹಾಕ್ಕೊಳ್ಳೋ ತಂತ್ರದಿಂದ ಹಿಡಿದು, ಹೆಣ್ಣುಮಕ್ಕಳೇ ನಮ್ಮ ದುಃಖಕ್ಕೆ ಕಾರಣ ಅನ್ನೋವರೆಗೆ ಅಲ್ಲಿ ಪಾಠ. 2017ರಲ್ಲಿ ಪತ್ರಕರ್ತರು ಕೆದಕಿದಾಗ ಅದನ್ನ ಕಟ್ಟಿದವರು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಒಬ್ಬ ರಿಪಬ್ಲಿಕನ್ ಶಾಸಕ ಅಂತ ಗೊತ್ತಾಯಿತು, ಅವರು ರಾಜೀನಾಮೆ ಕೊಟ್ಟರು. ಅಂದಹಾಗೆ ಕೆಂಪು ಮಾತ್ರೆ ಅನ್ನೋ ರೂಪಕ ಬಂದಿದ್ದು 1999ರ 'ಮೇಟ್ರಿಕ್ಸ್' ಸಿನಿಮಾದಿಂದ. ಅದನ್ನ ಮಾಡಿದ ವಾಚೌಸ್ಕಿ ಸೋದರಿಯರಿಬ್ಬರೂ ಟ್ರಾನ್ಸ್ ಮಹಿಳೆಯರು.

2014ರಲ್ಲಿ 'ಗೇಮರ್‌ಗೇಟ್' ಹೆಸರಲ್ಲಿ ವಿಡಿಯೋ ಗೇಮ್ ಮಾಡೋ, ಅದರ ಬಗ್ಗೆ ಬರೆಯೋ ಹೆಣ್ಣುಮಕ್ಕಳ ಮೇಲೆ ತಿಂಗಳುಗಟ್ಟಲೆ ಬೆದರಿಕೆಗಳ ಸುರಿಮಳೆ. ಬಹಳ ಜನ ಇದನ್ನ ಹುಡುಗಾಟ ಅಂದ್ರು. ಬ್ರೈಟ್‌ಬಾರ್ಟ್ ಸುದ್ದಿತಾಣ ನಡೆಸ್ತಿದ್ದ ಸ್ಟೀವ್ ಬ್ಯಾನನ್ ಹಾಗೆ ಅನ್ನಲಿಲ್ಲ. ಅವರು ಹಿಂದೆ, ಆನ್‌ಲೈನ್ ಗೇಮ್‌ನ ನಕಲಿ ಚಿನ್ನ ಮಾರೋ ಕಂಪನಿಯಲ್ಲಿ ಕೆಲಸ ಮಾಡಿದ್ದವರು. ಕೋಣೆಯಲ್ಲಿ ಒಬ್ಬನೇ ಕೂತ, ಸಿಟ್ಟಾದ ಹುಡುಗರ ಸೈನ್ಯ ಎಷ್ಟು ದೊಡ್ಡದು ಅಂತ ಅವರಿಗೆ ಗೊತ್ತಿತ್ತು. 2016ರ ಆಗಸ್ಟ್‌ನಲ್ಲಿ ಅವರು ಟ್ರಂಪ್ ಪ್ರಚಾರದ ಮುಖ್ಯಸ್ಥರಾದ್ರು.

ಎರಡೂ ಅಂಗಡಿ ಒಂದೇ ಸೂರಿನಡಿ ಅಂದೆನಲ್ಲ, ಅದು ಟೆಕ್ಸಸ್‌ನ ಅಲೆಕ್ಸ್ ಜೋನ್ಸ್. ಅರ್ಧ ಗಂಟೆ ಶತ್ರುವಿನ ಮೇಲೆ ಕಿರುಚಾಟ, ನಂತರ ಮಾತ್ರೆ ಮಾರಾಟ. ಒಂದು ಬಾಟಲಿಯ ಹೆಸರೇ 'ಸೂಪರ್ ಮೇಲ್ ವೈಟಾಲಿಟಿ'. 2012ರ ಡಿಸೆಂಬರ್‌ನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 6 ಸಿಬ್ಬಂದಿ ಗುಂಡಿಗೆ ಬಲಿಯಾದ್ರು. ಅದೆಲ್ಲ ನಾಟಕ, ಯಾರೂ ಸತ್ತಿಲ್ಲ ಅಂತ ಜೋನ್ಸ್ ಹೇಳಿದ್ರು. ಅದನ್ನ ನಂಬಿದವರು ಮಕ್ಕಳನ್ನ ಕಳಕೊಂಡ ತಂದೆತಾಯಿಗಳನ್ನ ವರ್ಷಗಟ್ಟಲೆ ಬೆದರಿಸಿದ್ರು, ಹಿಂಬಾಲಿಸಿದ್ರು. ಕೋರ್ಟಿಗೆ ಬಂದ ದಾಖಲೆಗಳ ಪ್ರಕಾರ 2015ರ ಕೊನೆಯಿಂದ 2018ರ ಕೊನೆಯವರೆಗೆ ಅವರ ಆನ್‌ಲೈನ್ ಅಂಗಡಿಯ ವ್ಯಾಪಾರ 16 ಕೋಟಿ ಡಾಲರ್‌ಗೂ ಹೆಚ್ಚು. 2022ರಲ್ಲಿ ಎರಡು ರಾಜ್ಯಗಳ ನ್ಯಾಯಾಲಯಗಳು ಸೇರಿ ಸುಮಾರು 150 ಕೋಟಿ ಡಾಲರ್ ಪರಿಹಾರ ಕೊಡಬೇಕು ಅಂದವು. ಹೋತದ ಡಾಕ್ಟರ್‌ನ ಹೆಣಗಳನ್ನ ಎಣಿಸಬಹುದಿತ್ತು. ಇಲ್ಲಿ ಒಬ್ಬ ತಾಯಿ ತನ್ನ ಮಗು ಬದುಕಿತ್ತು, ಆಮೇಲೆ ಸತ್ತಿತು ಅಂತ ಸಾಬೀತು ಮಾಡಬೇಕಾಯಿತು. ಇದನ್ನ ಹೇಗೆ ಎಣಿಸ್ತೀರಿ?

ಅದೇ 2022ರಲ್ಲಿ ಇನ್ನೊಂದು ಗುಟ್ಟು ರಟ್ಟಾಯಿತು. 'ಲಿವರ್ ಕಿಂಗ್' ಅಂತ ಹೆಸರಾಗಿದ್ದ ಬ್ರಯಾನ್ ಜಾನ್ಸನ್. ಗಡ್ಡ, ಬರಿಮೈ, ಕೈಯಲ್ಲಿ ಹಸಿ ಲಿವರ್. ಪೂರ್ವಜರ ಹಾಗೆ ತಿಂದು ಬದುಕಿದ್ರೆ ನನ್ನ ಹಾಗೆ ಆಗ್ತೀರಿ ಅನ್ನೋ ಉಪದೇಶ, ಜೊತೆಗೆ ಸಪ್ಲಿಮೆಂಟ್ ವ್ಯಾಪಾರ. ಸೋರಿಹೋದ ಈಮೇಲ್‌ಗಳಲ್ಲಿ ತಿಂಗಳಿಗೆ 11,000 ಡಾಲರ್‌ನ ಹಾರ್ಮೋನ್ ಲೆಕ್ಕ ಇತ್ತು. ಕ್ಯಾಮೆರಾ ಮುಂದೆ ಸ್ಟೆರಾಯ್ಡ್ ತಗೊಂಡಿದ್ದನ್ನ ಒಪ್ಪಿಕೊಂಡು ಕ್ಷಮೆ ಕೇಳಿದ್ರು. ಚಾನೆಲ್ ಮುಚ್ಚಲಿಲ್ಲ.

ಇಲ್ಲಿ ನನಗೆ ಒಂದು ವಿಷಯ ಸ್ಪಷ್ಟವಾಯಿತು. ನಾವು ಪತ್ರಕರ್ತರು ಅಂದುಕೊಳ್ಳೋದು, ಸುಳ್ಳು ಬಯಲಾದ್ರೆ ಅಂಗಡಿ ಮುಚ್ಚುತ್ತೆ ಅಂತ. ಮುಚ್ಚಲ್ಲ. ಯಾಕಂದ್ರೆ ಗಿರಾಕಿ ಬಂದಿದ್ದು ಬರೀ ಮಾತ್ರೆಗಲ್ಲ. ಅಮೆರಿಕದಲ್ಲಿ ಆತ್ಮಹತ್ಯೆ ಮಾಡಿಕೊಳ್ಳೋ ಗಂಡಸರ ಪ್ರಮಾಣ ಹೆಂಗಸರ ಸುಮಾರು ನಾಲ್ಕು ಪಟ್ಟು. ಕಾಲೇಜಿನಲ್ಲಿ ಹತ್ತು ವಿದ್ಯಾರ್ಥಿಗಳಲ್ಲಿ ಗಂಡುಮಕ್ಕಳು ನಾಲ್ಕು ಚಿಲ್ಲರೆ. ಇದನ್ನ ಹೇಳಿದ್ರೆ ಹೆಣ್ಣುಮಕ್ಕಳ ಕಷ್ಟ ಸಣ್ಣದಾಗಲ್ಲ. ಆದರೆ ಉದಾರವಾದಿ ಪಾಳಯದ ಬಹಳ ಜನ ಈ ಹುಡುಗರ ಬಗ್ಗೆ ಮಾತಾಡಿದ್ದು ಒಂದೋ ಬೈಯೋಕೆ, ಇಲ್ಲ ನಗೋಕೆ.

ಜೋ ರೋಗನ್ ಉದಾಹರಣೆ ನೋಡಿ. ಹಾಸ್ಯಗಾರ, ಕೇಜ್ ಫೈಟಿಂಗ್‌ನ ವೀಕ್ಷಕ ವಿವರಣೆಗಾರ, 2009ರಿಂದ ಪಾಡ್‌ಕಾಸ್ಟ್. 2020ರ ಜನವರಿಯಲ್ಲಿ ಅವರು ಎಡಪಂಥೀಯ ಬರ್ನಿ ಸ್ಯಾಂಡರ್ಸ್‌ಗೆ ಮತ ಹಾಕಬಹುದು ಅಂದಿದ್ರು. ಸ್ಯಾಂಡರ್ಸ್ ಪ್ರಚಾರ ತಂಡ ಆ ವಿಡಿಯೋ ಹಂಚಿಕೊಂಡಾಗ, ಇಂಥವನ ಬೆಂಬಲ ಯಾಕೆ ತಗೋತೀರಿ ಅಂತ ಅವರ ಪಾಳಯದವರೇ ಮೇಲೆ ಬಿದ್ರು. ಟ್ರಾನ್ಸ್ ಜನರ ಬಗ್ಗೆ ರೋಗನ್ ಆಡಿದ ಮಾತುಗಳ ಮೇಲೆ ಆ ಆಕ್ಷೇಪಕ್ಕೆ ಕಾರಣವೂ ಇತ್ತು. ಆದರೆ 2024ರ ಅಕ್ಟೋಬರ್ 25ಕ್ಕೆ ಅದೇ ರೋಗನ್ ಎದುರು ಸುಮಾರು ಮೂರು ಗಂಟೆ ಕೂತದ್ದು ಟ್ರಂಪ್. ಚುನಾವಣೆಯ ಹಿಂದಿನ ದಿನ ರೋಗನ್ ಟ್ರಂಪ್‌ಗೆ ಬೆಂಬಲ ಘೋಷಿಸಿದ್ರು.

ಅದಕ್ಕಿಂತ ನನ್ನನ್ನ ಕಾಡೋದು ಆಗಸ್ಟ್‌ನ ಇನ್ನೊಂದು ಸಂಚಿಕೆ. ಥಿಯೋ ವಾನ್ ಅನ್ನೋ ಹಾಸ್ಯಗಾರನ ಪಾಡ್‌ಕಾಸ್ಟ್. ವಾನ್ ಒಂದು ಕಾಲಕ್ಕೆ ಕೊಕೇನ್ ಚಟದಲ್ಲಿದ್ದವರು, ಅದನ್ನ ಮುಚ್ಚಿಡಲ್ಲ. ಟ್ರಂಪ್ ಅಲ್ಲಿ ಕೂತು, ಕುಡಿತದಿಂದ ಸತ್ತ ತಮ್ಮ ಅಣ್ಣ ಫ್ರೆಡ್ ಬಗ್ಗೆ ಮಾತಾಡ್ತಾರೆ. ಆಮೇಲೆ ವಾನ್ ಕಡೆ ತಿರುಗಿ ಆ ಚಟ ಹೇಗಿರುತ್ತೆ ಅಂತ ಕೇಳ್ತಾರೆ. ಇಬ್ಬರು ಗಂಡಸರು, ಮೈಕು, ಕುಡಿತ, ಸಾವು. ಆ ಹತ್ತು ನಿಮಿಷದಲ್ಲಿ ವಲಸಿಗರ ಮೇಲೆ ಬೈಗುಳ ಇಲ್ಲ, ಭಾಷಣ ಇಲ್ಲ. ನನ್ನ ಪ್ರಕಾರ ಆ ಚುನಾವಣೆಯ ಅತ್ಯಂತ ಪರಿಣಾಮಕಾರಿ ಪ್ರಚಾರ ಅದೇ. ಕ್ಯಾನ್ಸಸ್‌ನ ಆ ಮೆತ್ತಗಿನ ದನಿ ನೆನಪಾಯಿತು.

ಫಲಿತಾಂಶದ ರಾತ್ರಿ ವೇದಿಕೆ ಮೇಲೆ ಕೇಜ್ ಫೈಟಿಂಗ್ ಸಂಸ್ಥೆ ಯುಎಫ್‌ಸಿಯ ಮುಖ್ಯಸ್ಥ ಡೇನಾ ವೈಟ್ ಮೈಕ್ ಹಿಡಿದು ಹೆಸರು ಹೆಸರಾಗಿ ಧನ್ಯವಾದ ಹೇಳಿದ್ರು: ನೆಲ್ಕ್ ಬಾಯ್ಸ್, ಅಡಿನ್ ರಾಸ್, ಥಿಯೋ ವಾನ್, ಜೋ ರೋಗನ್. ಒಬ್ಬ ಸೆನೆಟರ್ ಇಲ್ಲ, ಒಬ್ಬ ಸಂಪಾದಕ ಇಲ್ಲ. ಎಲ್ಲ ಪಾಡ್‌ಕಾಸ್ಟರ್, ಸ್ಟ್ರೀಮರ್‌ಗಳು. ಅಸೋಸಿಯೇಟೆಡ್ ಪ್ರೆಸ್‌ನ ಮತದಾರರ ಸಮೀಕ್ಷೆ ಪ್ರಕಾರ 30ರ ಒಳಗಿನ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಟ್ರಂಪ್‌ಗೆ ಮತ ಹಾಕಿದ್ರು. ಅವರಿಗೆ ಸಿಕ್ಕ ಸರ್ಕಾರ ಆ ಕಾರ್ಖಾನೆ ಕೆಲಸ, ಆ ಒಂಟಿತನ ಎರಡನ್ನೂ ಏನು ಮಾಡುತ್ತೆ ಅನ್ನೋದು ಬೇರೆ ಸಂಚಿಕೆಯ ವಿಷಯ.

ಬ್ರಿಂಕ್ಲಿ ಕೊನೆ ಹೇಳಿಬಿಡ್ತೀನಿ. ತನ್ನನ್ನ ನಕಲಿ ಡಾಕ್ಟರ್ ಅಂತ ಬರೆದ ಫಿಶ್‌ಬೈನ್ ಮೇಲೆ ಮಾನನಷ್ಟ ಕೇಸು ಹಾಕಿದ. 1939ರಲ್ಲಿ ಸೋತ. ಬೆನ್ನಿಗೇ ಹಳೇ ರೋಗಿಗಳ ಕೇಸುಗಳು ಸಾಲುಗಟ್ಟಿ ಬಂದವು. 1941ರಲ್ಲಿ ದಿವಾಳಿ, ಗಡಿಯಾಚೆಯ ರೇಡಿಯೋ ಕೂಡ ಅದೇ ವರ್ಷ ಬಂದ್. 1942ರಲ್ಲಿ ಸತ್ತ. ಇತ್ತ ಟಕರ್ ಕಾರ್ಲ್‌ಸನ್‌ರನ್ನ ಫಾಕ್ಸ್ 2023ರ ಏಪ್ರಿಲ್‌ನಲ್ಲಿ ಹೊರಗೆ ಕಳಿಸಿತು. ಅವರು ಇಂಟರ್‌ನೆಟ್‌ನಲ್ಲಿ ಸ್ವಂತ ಕಾರ್ಯಕ್ರಮ ಶುರು ಮಾಡಿದ್ರು. ಗಡಿ ದಾಟಿ ಟವರ್ ಕಟ್ಟಬೇಕಾದ ಅಗತ್ಯ ಈಗ ಯಾರಿಗೂ ಇಲ್ಲ.

ಇಷ್ಟನ್ನೂ ಸ್ಕ್ರಿಪ್ಟ್ ಬರೆದ ಮೇಲೆ, ರೆಕಾರ್ಡಿಂಗ್‌ಗೆ ಮೊದಲು, ಆ ಹುಡುಗನಿಗೆ ಕಳಿಸಿದೆ. ಓದಿದ. ಹೋತದ ಕಥೆಗೆ ನಗುವ ಇಮೋಜಿ ಹಾಕಿದ. ಆಮೇಲೆ ಬರೆದ: "ಸರಿ ಅಣ್ಣ, ಅವರು ಮಾರೋಕೆ ಕೂತಿದ್ದಾರೆ, ಒಪ್ಪಿದೆ. ಮತ್ತೆ ರಾತ್ರಿ ಒಂದು ಗಂಟೆಗೆ ನಾನು ಯಾರ ಹತ್ರ ಮಾತಾಡಲಿ?" ಟೈಪ್ ಮಾಡಿ ಅಳಿಸಿ, ಟೈಪ್ ಮಾಡಿ ಅಳಿಸಿ, ಕೊನೆಗೆ ನನ್ನ ಫೋನ್ ನಂಬರ್ ಕಳಿಸಿದೆ. ಇನ್ನೂ ಕಾಲ್ ಮಾಡಿಲ್ಲ.